ನಗರದವರಿಗೂ ಹೆಪಟೈಟಿಸ್ ಬಿ ಬರುತ್ತದೆಯೇ? ಯಾರಿಗೆ ಅಪಾಯ ಜಾಸ್ತಿ?

ಖಂಡಿತ ಬರುತ್ತದೆ. ಇದು ಕೊಳಕು ನೀರಿನಿಂದ ಬರುವ ಕಾಮಾಲೆ ಅಲ್ಲ. ರಕ್ತ ಮತ್ತು ದೇಹದ ದ್ರವಗಳಿಂದ ಹರಡಿ ಲಿವರ್‌ಗೆ ತೊಂದರೆ ಕೊಡುವ ವೈರಸ್. ಹಾಗಾಗಿ ಫಿಲ್ಟರ್ ನೀರು ಕುಡಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 2.98 ಕೋಟಿ ಜನರಲ್ಲಿ ಈ ಸೋಂಕಿತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ, ಏಕೆಂದರೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ ಇರಬಹುದು.

ನನಗೆ ಹೆಚ್ಚು ಆತಂಕ ತರುವುದು ಸೂಜಿ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಸೋಂಕು ಹರಡಿ ಹಲವರು ಸತ್ತರು. ಸಣ್ಣ ಜ್ವರಕ್ಕೂ ‘ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೇ’ ಅನ್ನುವ ಅಭ್ಯಾಸ ನಮ್ಮಲ್ಲಿದೆ ಅಲ್ವಾ? ಕೊಡುವುದೇ ಆದರೆ ಹೊಸ ಪ್ಯಾಕೆಟ್ ಕಣ್ಣೆದುರೇ ತೆರೆಯಲಿ. ಈ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಉಳಿಯಬಲ್ಲದು. ಆದ್ದರಿಂದ ಸಲೂನ್ ಬ್ಲೇಡ್, ಹಚ್ಚೆಯ ಸೂಜಿ, ಬೇರೆಯವರ ರೇಜರ್ ಬಗ್ಗೆಯೂ ಎಚ್ಚರ ಬೇಕು. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಡಯಾಲಿಸಿಸ್, ಆಸ್ಪತ್ರೆ ಕೆಲಸ ಕೂಡ ಅಪಾಯದ ಪಟ್ಟಿಯಲ್ಲಿವೆ. ಜೊತೆಗೆ ಕೂತು ಉಂಡರೆ, ಅಪ್ಪಿಕೊಂಡರೆ ಹರಡುವುದಿಲ್ಲ. ಸೋಂಕಿತರನ್ನು ದೂರ ಇಡಬೇಡಿ.

ತಾಯಿಯಿಂದ ಮಗುವಿಗೆ ಬಂದರೆ ಕಷ್ಟ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು 90% ಜನರಿಗೆ ಅದು ದೀರ್ಘಕಾಲ ಉಳಿಯುತ್ತದೆ. ದೊಡ್ಡವರಲ್ಲಿ ಈ ಪ್ರಮಾಣ 5%ಕ್ಕಿಂತ ಕಡಿಮೆ. ಅದಕ್ಕೇ ಮೊದಲ ಲಸಿಕೆ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು.

ಸರ್ಕಾರದ ಲಸಿಕೆ ದೇಶದ ಎಲ್ಲ ಕಡೆ ಸಿಕ್ಕಿದ್ದು 2011ರಿಂದ. ಇಂದಿನ ಬಹುಪಾಲು ದೊಡ್ಡವರು ಅದಕ್ಕೂ ಮೊದಲೇ ಹುಟ್ಟಿದವರು. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಸೋಂಕು ಇಲ್ಲದಿದ್ದರೆ, ಲಸಿಕೆಯೂ ಆಗಿರದಿದ್ದರೆ, ಸಾಮಾನ್ಯವಾಗಿ 6 ತಿಂಗಳಲ್ಲಿ 3 ಡೋಸ್ ಸಾಕು.