ಆಗಸ್ಟ್‌ನಲ್ಲಿ ಅಪ್ಪ-ಅಮ್ಮನ ಜೊತೆ ಒಂದೇ ದಿನದಲ್ಲಿ ಜಪಾನಿನ ಕ್ಯೋಟೋ ಸುತ್ತೋಕೆ ಬಸ್ ಒಳ್ಳೇದಾ, ಟ್ಯಾಕ್ಸಿನಾ?

ಬೆಟ್ಟದ ಮೇಲಿನ ಫುಶಿಮಿ ಇನಾರಿ ಗುಡಿ, ಕಿಯೊಮಿಜು ಮತ್ತು ಕಿಂಕಾಕುಜಿ ದೇವಸ್ಥಾನಗಳು, ಬಿದಿರು ತೋಪಿನ ಅರಾಶಿಯಾಮಾ. ನಿಮ್ಮ ಪಟ್ಟಿಯೇ ನನ್ನದೂ ಆಗಿತ್ತು, ತಿಂಗಳೂ ಅದೇ. ಅಪ್ಪ, ಅಮ್ಮ, ಹೆಂಡತಿ, ಮಗಳು ಎಲ್ಲ ಇದ್ವಿ. ನೋಡಿದ್ದು ಒಂದೇ ಜಾಗ, ಅದೂ ಅರ್ಧ.

ಅದಕ್ಕೆ ಕಾರಣ ಬಸ್ಸೂ ಅಲ್ಲ, ಟ್ಯಾಕ್ಸಿಯೂ ಅಲ್ಲ, ಹೋಟೆಲಿನ ತಿಂಡಿ. ರೂಮಿನ ಬಾಡಿಗೆಯಲ್ಲೇ ಸೇರಿತ್ತು. ದುಡ್ಡು ಕೊಟ್ಟಾಗಿದೆ, ಬಿಡೋದ್ಯಾಕೆ ಅಂತ ಹಠ ಹಿಡಿದವನು ನಾನೇ. ಶುರುವಾಗೋದೇ ಏಳಕ್ಕೆ, ಅದಕ್ಕೂ ಕ್ಯೂ. ಅಮ್ಮ ಒಂದೊಂದು ತಟ್ಟೆ ಮುಂದೆಯೂ ನಿಂತು "ಇದರಲ್ಲಿ ಮೀನಿದ್ಯಾ ಕೇಳೋ" ಅಂತ ಕೇಳಿ ಕೇಳಿ, ಕೊನೆಗೆ ತಿಂದಿದ್ದು ಎರಡು ತುಂಡು ಬ್ರೆಡ್ಡು, ಒಂದಿಷ್ಟು ಹಣ್ಣು. ಹೊರಟಾಗ ಒಂಬತ್ತೂವರೆ. ಅಲ್ಲಿ ಆಗಸ್ಟ್‌ನಲ್ಲಿ ಐದಕ್ಕೆಲ್ಲ ಬೆಳಕು ಹರಿಯುತ್ತೆ. ದಿನದಲ್ಲಿ ತಡೆದುಕೊಳ್ಳಬಹುದಾದ ಹೊತ್ತನ್ನೆಲ್ಲ ನಾನು ಬ್ರೆಡ್ಡಿಗೆ ಸುರಿದಿದ್ದೆ.

ಬೆಂಗಳೂರಿನವರು ಕ್ಯೋಟೋ ಸೆಖೆಯನ್ನ ಹಗುರವಾಗಿ ತಗೋಬೇಡಿ. ಮೂರು ಕಡೆ ಬೆಟ್ಟ, ನಡುವಿನ ತಗ್ಗಿನಲ್ಲಿ ಊರು. ಗಾಳಿ ಆಡಲ್ಲ, 35 ಡಿಗ್ರಿ ದಾಟೋದು ಮಾಮೂಲು, ಮೈಮೇಲಿನ ಬೆವರು ಆರೋದೇ ಇಲ್ಲ. ಇನಾರಿ ಬೆಟ್ಟ 233 ಮೀಟರ್ ಅಷ್ಟೇ. "ಚಾಮುಂಡಿ ಬೆಟ್ಟ ಹತ್ತಿದವನು ಕಣೋ ನಾನು" ಅಂತ ಅಪ್ಪ ಮುಂದೆ ಮುಂದೆ ನಡೆದರು. ನೀರು ಮಾತ್ರ ಮುಟ್ಟಲಿಲ್ಲ. ಮೇಲೆ ಟಾಯ್ಲೆಟ್ ಸಿಗದಿದ್ರೆ ಅನ್ನೋ ಭಯ. ಮೇಲೇರಿದ ಹಾಗೆ ವೆಂಡಿಂಗ್ ಮಷೀನಿನ ರೇಟೂ ಏರುತ್ತೆ, ಅವರು ಪ್ರತಿ ಬಾಟಲಿಯನ್ನೂ ರೂಪಾಯಿಗೆ ಲೆಕ್ಕ ಹಾಕ್ತಿದ್ರು. ಯೊತ್ಸುತ್ಸುಜಿ ಅನ್ನೋ ಕೂಡುಹಾದಿ ಬರೋ ಮೊದಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮುಖ ಕೆಂಡದ ಹಾಗೆ, ಕೈ ನಡುಕ. ಅಲ್ಲಿನ ಅಂಗಡಿಯ ಅಜ್ಜಿಯೊಬ್ಬರು ಓಡಿ ಬಂದು ಐಸ್ ಸುತ್ತಿದ ಟವೆಲನ್ನ ಅವರ ಕತ್ತಿಗೂ ಕಂಕುಳಿಗೂ ಒತ್ತಿ ಹಿಡಿದರು, ಬಾಯಿಗೆ ಉಪ್ಪಿನ ಮಿಠಾಯಿ ಇಟ್ಟರು. ಪುಣ್ಯಕ್ಕೆ ಮಾತು ತೊದಲಲಿಲ್ಲ. ಹಾಗೇನಾದ್ರೂ ಆದ್ರೆ ಯೋಚಿಸದೆ ಆಂಬ್ಯುಲೆನ್ಸಿಗೆ, ಅಂದ್ರೆ 119ಕ್ಕೆ ಫೋನ್ ಮಾಡಿ. ಆ ದಿನ ಉಳಿದಿದ್ದೆಲ್ಲ ಹೋಟೆಲಿನ ಎ.ಸಿ. ಕೆಳಗೆ ಕಳೀತು.

ಆದ್ದರಿಂದ ನಾಲ್ಕು ಜಾಗದ ಆಸೆ ಬಿಟ್ಟುಬಿಡಿ. ಇನಾರಿಗೆ ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತೆ, ನಾರಾ ಲೈನಿನ ರೈಲಲ್ಲಿ ಕ್ಯೋಟೋ ಸ್ಟೇಷನ್ನಿಂದ ಎರಡನೇ ಸ್ಟಾಪು. ಕಿಯೊಮಿಜು ಬೆಳಗ್ಗೆ ಆರಕ್ಕೇ ತೆಗೆಯುತ್ತೆ. ಇವೆರಡರಲ್ಲಿ ಒಂದು. ತಿಂಡಿಯನ್ನ ಹಿಂದಿನ ರಾತ್ರಿಯೇ ಕನ್ವೀನಿಯನ್ಸ್ ಸ್ಟೋರಲ್ಲಿ ತಗೊಂಡಿಡಿ. ಜೊತೆಗೆ ಮುಗಿಚಾ, ಅಂದ್ರೆ ಸಕ್ಕರೆ ಇಲ್ಲದ ಬಾರ್ಲಿ ಟೀ. ಹತ್ತಕ್ಕೆಲ್ಲ ಸೂರಿನ ಕೆಳಗಿರಬೇಕು. ಮಗು ಇದ್ರೆ ಮಧ್ಯಾಹ್ನಕ್ಕೆ ರೈಲ್ವೆ ಮ್ಯೂಸಿಯಂ ಸಾಕು, ಸಂಜೆ ಕಾಮೊ ನದಿ ದಂಡೆ. ಕಿಂಕಾಕುಜಿ ತೆಗೆಯೋದು ಒಂಬತ್ತಕ್ಕೆ, ಮುಚ್ಚೋದು ಐದಕ್ಕೆ. ಸರಿಯಾಗಿ ಉರಿಬಿಸಿಲಿನ ಹೊತ್ತು! ನಾನಾದ್ರೆ ಬಿಟ್ಟೇಬಿಡ್ತೀನಿ. ಅರಾಶಿಯಾಮಾ ಇನ್ನೊಂದು ದಿನ ಬೆಳಗ್ಗೆ.

ನೀವು ಕೇಳಿದ್ದಕ್ಕೆ ಉತ್ತರ: ಬಿಸಿಲೇರಿದ ಮೇಲೆ ಟ್ಯಾಕ್ಸಿ. ಅಪ್ಪನನ್ನ ಮಾತ್ರ ಮೀಟರ್ ಕಾಣೋ ಕಡೆ ಕೂರಿಸಬೇಡಿ.