ಹಳೆಯ ಪೈಥಾನ್ ಕೈಬಿಡಲೋ ಬೇಡವೋ? ಓಡೋದು ಬೇರೆ, ಓದೋದು ಬೇರೆ

ನಿಮ್ಮ ಪ್ರಶ್ನೆ ನೋಡಿದ ಕೂಡಲೇ 2020ರ ಜೂನ್ ನೆನಪಾಯಿತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ಓದಿ ಮರದ ಹಾಗೆ ಬಿಡಿಸಿಡುವ ಪುಟ್ಟ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಎತ್ತಿಕೊಂಡು ಬಳಸುವ ಕೋಡ್), ನೋಡಿಕೊಳ್ಳುವವರು ನೀವೊಬ್ಬರೇ, ಪೈಥಾನ್‌ನ ಹಳೆಯ ವರ್ಷನ್‌ಗಳಾದ 3.7 ಮತ್ತು 3.8ರ ಸಪೋರ್ಟ್ ಕೈಬಿಡಲೋ ಬೇಡವೋ ಅಂತ ಕೇಳಿದ್ದೀರಿ. ಡೌನ್‌ಲೋಡ್ ಲೆಕ್ಕದಲ್ಲಿ ಅವುಗಳ ಪಾಲು ತೀರಾ ಕಡಿಮೆ ಅಂತಲೂ ಬರೆದಿದ್ದೀರಿ. ನನ್ನದು ಆಗ 2.7. ಉಳಿದದ್ದೆಲ್ಲ ಇದೇ ಕಥೆ.

ನಾನು ತುಮಕೂರಿನವಳು, ಮನೆ ಕ್ಯಾತ್ಸಂದ್ರದ ಹತ್ತಿರ. ಕೆಲಸ ಬೆಂಗಳೂರಿನಲ್ಲಿ. ಲಾಕ್‌ಡೌನ್ ಬಂದ ಮೇಲೆ ದಿನಾ 70 ಕಿಲೋಮೀಟರ್ ಹೋಗಿ ಬರುವುದು ನಿಂತುಹೋಯಿತು. ರೈಲಿನಲ್ಲಿ ಕಳೆಯುತ್ತಿದ್ದ ಹೊತ್ತನ್ನೆಲ್ಲ ಲೈಬ್ರರಿಗೆ ಕೊಟ್ಟೆ. ಕಾಮೆಂಟು, ಖಾಲಿ ಜಾಗ ಯಾವುದೂ ಕಳೆಯದ ಹಾಗೆ ಪೈಥಾನ್ ಫೈಲನ್ನು ಓದುವ ಲೈಬ್ರರಿ ಅದು. 2 ಮತ್ತು 3 ಎರಡರ ಮೇಲೂ ಓಡುತ್ತಿತ್ತು, ಎರಡರ ಕೋಡನ್ನೂ ಓದುತ್ತಿತ್ತು.

ಆ ವರ್ಷ ಜನವರಿ 1ಕ್ಕೆ ಪೈಥಾನ್ 2ರ ಆಯುಸ್ಸು ಮುಗಿದಿತ್ತು. ಏಪ್ರಿಲ್‌ನಲ್ಲಿ ಬಂದ 2.7.18 ಕೊನೆಯದು. ದೊಡ್ಡವರೆಲ್ಲ ಅದಕ್ಕೂ ಮೊದಲೇ ಬಿಟ್ಟಿದ್ದರು. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ 2017ರಲ್ಲಿ 2.0 ಬಂದಾಗಲೇ ಬಿಟ್ಟಿತು, ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ 2019ರಲ್ಲಿ 1.17 ಬಂದಾಗ. ನಾನೂ ಬಿಡೋಣ ಅಂತ ಕೂತೆ. ಎರಡು ವಾರ ಹಳೆಯ ಕೋಡ್ ತೆಗೆದು ಹಾಕಿದೆ, ಪೈಥಾನ್ 2ಕ್ಕೆ ಅರ್ಥವಾಗದ ಎಫ್-ಸ್ಟ್ರಿಂಗ್ ಬರಹ ಬಳಸಿದೆ, ಪೈಥಾನ್ 2ರ ಕೋಡ್ ಓದಲು ಬೇಕಾದ ಗ್ರಾಮರ್ ಫೈಲನ್ನೂ ಅಳಿಸಿದೆ. ಒಂದು ಶುಕ್ರವಾರ ರಾತ್ರಿ 2.0.0 ಅಂತ ರಿಲೀಸ್ ಮಾಡಿ ಮಲಗಿದೆ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್. ಕಾಲೇಜಿನಲ್ಲಿ ನನಗಿಂತ ಸೀನಿಯರ್ ಆಗಿದ್ದವರು, ಚಿಂತಾಮಣಿಯಲ್ಲಿದ್ದಾರೆ. ಒಂದು ಹಾಲಿನ ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್ ಅವರ ಕೈಯಲ್ಲಿತ್ತು. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಬಿಲ್ ಎಷ್ಟು, ಎಲ್ಲ ಪೈಥಾನ್ 2ರಲ್ಲಿ ಬರೆದದ್ದು. ಅದನ್ನು ನಿಧಾನವಾಗಿ 3ಕ್ಕೆ ದಾಟಿಸುತ್ತಿದ್ದರು. ಇನ್ನೂ ಎಷ್ಟು ಸಾಲು ಬದಲಾಗಬೇಕು ಅಂತ ಪ್ರತಿ ರಾತ್ರಿ ಎಣಿಸುವ ಒಂದು ಸ್ಕ್ರಿಪ್ಟ್ ಇತ್ತು. ಅದು ನನ್ನ ಲೈಬ್ರರಿ ನಂಬಿ ನಿಂತಿತ್ತು.

"ಏನಮ್ಮಾ, ರಾತ್ರಿ ಏನಾದರೂ ಬದಲಾಯಿಸಿದೆಯಾ? ಇಂಪೋರ್ಟೇ ಆಗ್ತಿಲ್ಲ, ಸಿಂಟ್ಯಾಕ್ಸ್ ಎರರ್ ಅಂತಿದೆ," ಅಂದರು.

"ಅಣ್ಣಾ, ಹೊಸ ರಿಲೀಸ್ ಮಾಡಿದೆ. ಆದರೆ ನಿಮಗೆ ಅದು ಬರಬಾರದಿತ್ತಲ್ಲ," ಅಂದೆ.

ಯಾಕೆ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಳ್ಮೆಯಿಂದ ಓದಿ, ನೀವೂ ಬೀಳುವ ಗುಂಡಿ ಇದೇ.

ಸೆಟಪ್ ಫೈಲಿನಲ್ಲಿ ಪೈಥಾನ್-ರಿಕ್ವೈರ್ಸ್ ಅಂತ ಒಂದು ಸಾಲು ಇರುತ್ತದೆ. ಈ ರಿಲೀಸ್ ಓಡಲು ಕನಿಷ್ಠ ಯಾವ ಪೈಥಾನ್ ಬೇಕು ಅಂತ ಅದರಲ್ಲಿ ಬರೆಯುತ್ತೇವೆ. ಲೈಬ್ರರಿಗಳನ್ನು ಇಳಿಸಿ ಹಾಕಿಕೊಡುವ ಪಿಪ್ ಅನ್ನುವ ಟೂಲ್ ಇನ್‌ಸ್ಟಾಲ್ ಮಾಡುವಾಗ ಹೊಸ ರಿಲೀಸಿನಿಂದ ಹಿಂದಕ್ಕೆ ಒಂದೊಂದೇ ನೋಡುತ್ತಾ ಬರುತ್ತದೆ. ಈ ಸಾಲು ತನ್ನ ಪೈಥಾನ್‌ಗೆ ಹೊಂದದಿದ್ದರೆ ಸುಮ್ನೆ ದಾಟಿ ಹಿಂದಿನದಕ್ಕೆ ಹೋಗುತ್ತದೆ. ಅಂದರೆ ನಾನು ಆ ಸಾಲು ಬರೆದಿದ್ದರೆ ಅಣ್ಣನ 2.7 ಯಂತ್ರಕ್ಕೆ ಹಳೆಯ 1.9 ತಾನಾಗಿಯೇ ಸಿಗುತ್ತಿತ್ತು. ಅವರಿಗೆ ಏನೂ ಗೊತ್ತಾಗುತ್ತಲೇ ಇರಲಿಲ್ಲ. ನಾನು ಬರೆದಿರಲಿಲ್ಲ. ಎರಡು ವಾರ ಕೋಡ್ ಅಳಿಸುವುದರಲ್ಲೇ ಮುಳುಗಿದ್ದೆ, ಆ ಒಂದು ಸಾಲು ನೆನಪಿಗೇ ಬರಲಿಲ್ಲ. ಅದರ ಜೊತೆಗೆ ವೀಲ್ ಫೈಲಿನ (ಇನ್‌ಸ್ಟಾಲ್‌ಗೆ ಸಿದ್ಧ ಮಾಡಿಟ್ಟ ಪೊಟ್ಟಣ) ಮೇಲೆ 2 ಮತ್ತು 3 ಎರಡಕ್ಕೂ ಆಗುತ್ತದೆ ಅನ್ನುವ ಯೂನಿವರ್ಸಲ್ ಗುರುತು ಹಾಗೇ ಉಳಿದಿತ್ತು. ಪಿಪ್ ನನ್ನ ಮಾತು ನಂಬಿ ಅವರಿಗೆ 2.0.0 ಕೊಟ್ಟಿತು.

ಇಷ್ಟೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು.

ಆ ಸಾಲು ಸೇರಿಸಿ 2.0.1 ರಿಲೀಸ್ ಮಾಡಿದೆ. "ಅಣ್ಣಾ ಸರಿ ಮಾಡಿದ್ದೀನಿ, ಈಗ ನೋಡಿ" ಅಂತ ಮೆಸೇಜ್ ಹಾಕಿ ತಿಂಡಿಗೆ ಎದ್ದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್. ಅದೇ ಎರರ್. ಇಡೀ ಶನಿವಾರ ತಲೆ ಕೆರೆದುಕೊಂಡೆ. ಕ್ಯಾಶ್ ಅಳಿಸಿ ಅಂದೆ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಬೇರೆಯೇ ಒಂದು ಖಾಲಿ ಪೈಥಾನ್ ಜಾಗ) ಮಾಡಿ ಅಂದೆ, ನಾನು ಹೇಳಿದ್ದನ್ನೆಲ್ಲ ಅವರು ಮಾಡಿದರು. ಭಾನುವಾರ ಬೆಳಿಗ್ಗೆ ಪಿಪ್ ಏನು ಮಾಡುತ್ತಿದೆ ಅಂತ ಒಂದೊಂದೇ ಹೆಜ್ಜೆ ಓದಿದಾಗ ಹೊಳೆಯಿತು. ಪಿಪ್ ಮೊದಲು 2.0.1 ನೋಡುತ್ತದೆ. ಇದು ನಿನಗಲ್ಲ ಅಂತ ಬರೆದಿದೆ, ದಾಟುತ್ತದೆ. ಅದರ ಹಿಂದೆ ಏನಿದೆ? 2.0.0. ಅದರಲ್ಲಿ ಯಾವ ತಡೆಯೂ ಇಲ್ಲ. ಅದನ್ನೇ ತೆಗೆದುಕೊಳ್ಳುತ್ತದೆ. ನಾನು ಸರಿ ಮಾಡಿದ ರಿಲೀಸೇ ಅವರನ್ನು ಕೆಟ್ಟ ರಿಲೀಸಿಗೆ ತಳ್ಳುತ್ತಿತ್ತು. ಮುಂದೆ ನೂರು ರಿಲೀಸ್ ಮಾಡಿದ್ದರೂ, ಪ್ರತಿಯೊಂದರಲ್ಲೂ ಆ ಸಾಲು ಸರಿಯಾಗಿದ್ದರೂ, 2.7 ಇರುವ ಪ್ರತಿಯೊಬ್ಬರೂ ಹೋಗಿ ನಿಲ್ಲುತ್ತಿದ್ದದ್ದು ಆ ಒಂದು 2.0.0 ಹತ್ತಿರವೇ. ಮುಂದಕ್ಕೆ ಹೋಗಿ ಸರಿಮಾಡುವ ದಾರಿಯೇ ಇಲ್ಲ. ಆ ರಿಲೀಸನ್ನು ತೆಗೆದೇ ತೀರಬೇಕು.

ಪಿಪ್ ಲೈಬ್ರರಿಗಳನ್ನು ಇಳಿಸಿಕೊಳ್ಳುವ ತಾಣ ಪೈಪಿಐಗೆ ಹೋಗಿ 2.0.0 ಅಳಿಸಿದೆ. ಐದೇ ನಿಮಿಷದಲ್ಲಿ ಚಿಂತಾಮಣಿಯಲ್ಲಿ 1.9 ಇಳಿಯಿತು. ಅಷ್ಟರಲ್ಲಿ ಅವರ ಎರಡು ರಾತ್ರಿಯ ಲೆಕ್ಕ ಹೋಗಿತ್ತು, ಎರಡು ದಿನದ ನೆಮ್ಮದಿಯೂ ಹೋಗಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಈಗ ಅಳಿಸುವ ಬದಲು ಯಾಂಕ್ ಮಾಡಿ ಅಂತ ಹೇಳುತ್ತಾರೆ. ಯಾಂಕ್ ಮಾಡಿದರೆ ಫೈಲ್ ಇರುತ್ತದೆ, ಅದೇ ನಂಬರನ್ನು ಹೆಸರಿಟ್ಟು ಕೇಳಿದವರಿಗೆ ಮಾತ್ರ ಸಿಗುತ್ತದೆ. ಒಳ್ಳೆಯ ಏರ್ಪಾಡು. ಆದರೆ ಅದನ್ನು ಗಮನಿಸುವುದು 2019ರಲ್ಲಿ ಬಂದ ಪಿಪ್ 19.2ರಿಂದ ಮಾತ್ರ. ಹಳೆಯ ಪೈಥಾನ್ ಇಟ್ಟುಕೊಂಡವರ ಹತ್ತಿರ ಪಿಪ್ ಕೂಡ ಹಳೆಯದೇ ಇರುತ್ತದೆ ಅಲ್ವಾ? ಅವರ ಪಾಲಿಗೆ ಯಾಂಕ್ ಆದದ್ದೂ ಆಗದ್ದೂ ಒಂದೇ. ಇನ್ನೊಂದು ಮಾತು, ಪೈಥಾನ್-ರಿಕ್ವೈರ್ಸ್ ಸಾಲನ್ನೂ 2016ರ ಪಿಪ್ 9ಕ್ಕಿಂತ ಹಿಂದಿನವು ನೋಡುವುದಿಲ್ಲ. ನಿಮ್ಮದು 3.7, 3.8, ಅವುಗಳ ಜೊತೆ ಬರುವ ಪಿಪ್ ಇದಕ್ಕಿಂತ ಹೊಸದು, ಹಾಗಾಗಿ ಈ ಎರಡನೆಯ ಚಿಂತೆ ನಿಮಗೆ ಬೇಡ. ಆದರೆ ವೀಲ್ ಗುರುತು ನಿಮ್ಮನ್ನು ಕಾಯುತ್ತದೆ ಅಂತಲೂ ಅಂದುಕೊಳ್ಳಬೇಡಿ. ಬರೀ ಪೈಥಾನ್‌ನಲ್ಲಿ ಬರೆದ ಲೈಬ್ರರಿಗೆ 3.7 ಆಗಲಿ 3.13 ಆಗಲಿ ಗುರುತು ಒಂದೇ. ಕಾಯುವುದು ಆ ಒಂದು ಸಾಲು ಮಾತ್ರ.

"ವರ್ಷನ್ ಪಿನ್ ಮಾಡಿರಬೇಕಿತ್ತು, ತಪ್ಪು ಅವರದೇ" ಅಂತ ಆಗ ಒಂದಿಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ಇಂಥದ್ದೇ ನಂಬರ್ ಬೇಕು ಅಂತ ಪಿನ್ ಮಾಡುವುದು ಒಳ್ಳೆಯದು, ನಿಜ. ಆದರೆ ನಮ್ಮ ರಿಲೀಸ್ ಯಾರ ಯಂತ್ರದ ಮೇಲೆ ಓಡುವುದಿಲ್ಲ ಅನ್ನುವುದು ನಮಗೆ ಗೊತ್ತಿರುತ್ತದೆ. ಗೊತ್ತಿರುವವರು ಹೇಳಬೇಕು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಆಗಸ್ಟ್‌ನಲ್ಲಿ ಅಣ್ಣ ಸರ್ವರ್‌ಗೆ ಪೈಥಾನ್ 3 ಹಾಕಿದರು. ಪಿಪ್ ಈಗ ಸರಿಯಾಗಿಯೇ ನನ್ನ ಹೊಸ ರಿಲೀಸ್ ಕೊಟ್ಟಿತು. ಇಂಪೋರ್ಟ್ ಆಯಿತು. ಆದರೆ ಇನ್ನೂ ದಾಟಿಸದೇ ಉಳಿದಿದ್ದ ಬಿಲ್ಲಿಂಗ್ ಫೈಲುಗಳನ್ನು ಓದಲು ಹೋದರೆ ಮೊದಲ ಪ್ರಿಂಟ್ ಸಾಲಿನಲ್ಲೇ ನಿಂತುಹೋಯಿತು. ಗ್ರಾಮರ್ ಫೈಲ್ ಅಳಿಸಿದ್ದೆನಲ್ಲ.

"ಓಡೋದಕ್ಕೆ ಹೊಸದು ಬೇಕು ಅಂದೆ, ಹಾಕಿದೆ. ಓದಬೇಕಾಗಿರೋದು ಹಳೆಯದನ್ನೇ ಅಲ್ವೇನಮ್ಮಾ," ಅಂದರು ಅಣ್ಣ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಬಿಡಲೋ ಬೇಡವೋ ಅಂತ ಒಂದೇ ಪ್ರಶ್ನೆ ಕೇಳಿದ್ದೀರಿ, ಅಲ್ಲಿರುವುದು ಎರಡು. ಬೇರೆ ಲೈಬ್ರರಿಗಳಿಗೆ ಓಡುವ ವರ್ಷನ್ ಒಂದೇ ಲೆಕ್ಕ. ಕೋಡ್ ಓದುವ ಲೈಬ್ರರಿಗೆ ಓಡುವ ವರ್ಷನ್ ಬೇರೆ, ಓದುವ ವರ್ಷನ್ ಬೇರೆ. ಹಳೆಯ ಕೋಡನ್ನು ಓದುವ ಅಗತ್ಯ ಜಾಸ್ತಿ ಇರುವುದು ಅದನ್ನು ಬಿಟ್ಟು ಹೊರಡುತ್ತಿರುವವರಿಗೆ. ಅವರು ಹೊಸ ಪೈಥಾನ್ ಮೇಲೆ ನಿಂತು ಹಳೆಯದನ್ನು ಓದುತ್ತಾರೆ. ಡೌನ್‌ಲೋಡ್ ಲೆಕ್ಕದಲ್ಲಿ ಇವರು ಕಾಣುವುದೇ ಇಲ್ಲ, ಅದು ಹೇಳುವುದು ಯಾವ ಪೈಥಾನ್ ಮೇಲೆ ಇನ್‌ಸ್ಟಾಲ್ ಆಯಿತು ಅಂತ ಮಾತ್ರ. ಅದರಲ್ಲೂ ಟೆಸ್ಟ್ ಓಡಿಸುವ ಯಂತ್ರಗಳು ಒಂದೇ ದಿನ ಹತ್ತಾರು ಸಲ ಇಳಿಸಿಕೊಳ್ಳುತ್ತವೆ, ಚಿಂತಾಮಣಿಯ ಅಣ್ಣನಂಥವರು ರಾತ್ರಿಗೆ ಒಂದು ಸಲ. ಆ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ.

3.7, 3.8ರ ಮೇಲೆ ಓಡುವುದನ್ನು ಕೈಬಿಡಿ, ಯೋಚಿಸುವುದೇ ಬೇಡ. 3.7 ಮುಗಿದದ್ದು 2023ರ ಜೂನ್‌ನಲ್ಲಿ, 3.8 ಮುಗಿದದ್ದು 2024ರ ಅಕ್ಟೋಬರ್‌ನಲ್ಲಿ. ಅವುಗಳನ್ನು ಮಾಡಿದವರೇ ಸೆಕ್ಯುರಿಟಿ ಫಿಕ್ಸ್ ಕೊಡುವುದನ್ನು ನಿಲ್ಲಿಸಿದ ಮೇಲೆ ಸಂಜೆ ಬಿಡುವಿನಲ್ಲಿ ಕೂತ ನೀವು ಯಾಕೆ ಹೊರಬೇಕು? ನೀವು ಕೋಡನ್ನು ಮರವಾಗಿಸುವ ಪೈಥಾನ್‌ನದೇ ಎಎಸ್‌ಟಿ ಮಾಡ್ಯೂಲ್ ಬಳಸುತ್ತಿದ್ದರೆ ಲಾಭ ಕಣ್ಣಿಗೆ ಕಾಣುತ್ತದೆ. 3.8ರಿಂದ ಸಂಖ್ಯೆ, ಸ್ಟ್ರಿಂಗ್ ಎಲ್ಲ ಕಾನ್‌ಸ್ಟಂಟ್ ಅನ್ನುವ ಒಂದೇ ನೋಡ್ (ಮರದ ಗಂಟು) ಆಗಿ ಬರುತ್ತವೆ. 3.7 ಬಿಟ್ಟರೆ ಸಂಖ್ಯೆಗೆ ನಮ್ (Num), ಸ್ಟ್ರಿಂಗ್‌ಗೆ ಸ್ಟ್ರ್ (Str) ಅಂತ ಬೇರೆ ಬೇರೆ ಬರೆದ ಕೋಡೆಲ್ಲ ಹೋಗುತ್ತದೆ, ಆ ಹೆಸರುಗಳು 3.14ರಲ್ಲಿ ಹೇಗೂ ಪೂರ್ತಿ ಹೋಗಿವೆ. 3.8 ಬಿಟ್ಟರೆ ಇಂಡೆಕ್ಸ್ ಅನ್ನುವ ಸುತ್ತುಪೊರೆ ನೋಡ್ ಹೋಗುತ್ತದೆ, 3.9ರಿಂದ ಅದು ಬರುವುದಿಲ್ಲ. ಮರವನ್ನು ಮತ್ತೆ ಕೋಡಾಗಿ ಬರೆಯುವ ಅನ್‌ಪಾರ್ಸ್ ಫಂಕ್ಷನ್ ಪೈಥಾನ್ ಜೊತೆಗೇ ಸಿಗುವುದೂ 3.9ರಿಂದಲೇ.

ಓದುವುದನ್ನು ಮಾತ್ರ ಬಿಡಬೇಡಿ. 3.7ರ ಕೋಡ್ ಓದುವುದಕ್ಕೆ ನಿಮಗೆ ಖರ್ಚೇ ಇಲ್ಲ. ಅಲ್ಲಿಂದ ಈಚೆಗೆ ಗ್ರಾಮರ್‌ಗೆ ಹೊಸದು ಸೇರುತ್ತಾ ಬಂದಿದೆ, ಹಳೆಯದು ಹೆಚ್ಚುಕಡಿಮೆ ಹಾಗೇ ಇದೆ. 3.8ರಲ್ಲಿ ವಾಲ್ರಸ್ (:= ಗುರುತು) ಬಂತು, 3.10ರಲ್ಲಿ ಮ್ಯಾಚ್ ಅನ್ನುವ ಪದ ಬಂತು. ಮ್ಯಾಚ್ ಅನ್ನುವುದನ್ನು ವೇರಿಯಬಲ್ ಹೆಸರಾಗಿ ಬಳಸಿದವರ ಕೋಡ್ ಮುರಿಯದ ಹಾಗೆ ನೋಡಿಕೊಂಡರು. ಅದಕ್ಕೂ ಮೊದಲು 3.7ರಲ್ಲಿ ಅಸಿಂಕ್, ಅವೇಟ್ ಕೀವರ್ಡ್ (ಭಾಷೆಯೇ ಕಾಯ್ದಿರಿಸಿದ ಪದ) ಆದಾಗ ಅಷ್ಟು ನಾಜೂಕು ಇರಲಿಲ್ಲ, ಆ ಹೆಸರಿನ ವೇರಿಯಬಲ್ ಇದ್ದ ಕೋಡೆಲ್ಲ ಒಡೆಯಿತು. ನೀವು ಹೊಸ ಗ್ರಾಮರ್ ಬರೆದರೆ 3.7ರ ಫೈಲುಗಳು ತಾವಾಗಿ ಓದಲ್ಪಡುತ್ತವೆ. ಹಾಗಿದ್ದ ಮೇಲೆ ಬಿಟ್ಟೆವು ಅಂತ ಘೋಷಿಸಿ ಜನರನ್ನು ಹೆದರಿಸುವುದು ಯಾಕೆ?

ಓದುವುದು ನಿಜವಾಗಿ ಭಾರವಾಗುವುದು 2.7ರಂಥ ಜಾಗದಲ್ಲಿ. ಪ್ರಿಂಟ್ ಆದ ಮೇಲೆ ಬ್ರಾಕೆಟ್ಟಿನಲ್ಲಿ 1, 2 ಅಂತ ಬರೆದರೆ ಪೈಥಾನ್ 2ರಲ್ಲಿ ಅದು ಒಂದು ಟ್ಯೂಪಲ್ (ಎರಡೂ ಸೇರಿದ ಒಂದೇ ಕಟ್ಟು), 3ರಲ್ಲಿ ಎರಡು ಆರ್ಗ್ಯುಮೆಂಟ್ (ಬೇರೆ ಬೇರೆಯಾಗಿ ಕೊಟ್ಟ ಎರಡು ಮೌಲ್ಯ). ಅಕ್ಷರ ಒಂದೇ, ಮರ ಬೇರೆ. ಫೈಲಿನ ಮೇಲ್ಗಡೆ ಪ್ರಿಂಟನ್ನು 3ರ ಹಾಗೇ ಓದು ಅನ್ನುವ ಫ್ಯೂಚರ್ ಇಂಪೋರ್ಟ್ ಸಾಲು ಇದ್ದರೆ 2ರಲ್ಲೂ ಅರ್ಥ ಬದಲಾಗುತ್ತದೆ. 0777 ಅಂತ ಬರೆದ ಆಕ್ಟಲ್ ಸಂಖ್ಯೆ, <> ಗುರುತು, ಎಕ್ಸೆಪ್ಟ್ ಆದ ಮೇಲಿನ ಅಲ್ಪವಿರಾಮ, ಹೀಗೆ ಒಂದೊಂದೂ ಬೇರೆ. ಇಂಥದ್ದನ್ನು ಬಿಟ್ಟವರನ್ನು ನಾನು ದೂರುವುದಿಲ್ಲ. ಕೋಡನ್ನು ಒಪ್ಪವಾಗಿ ಜೋಡಿಸುವ ಬ್ಲ್ಯಾಕ್ ಅನ್ನುವ ಟೂಲ್ 2022ರ ಜನವರಿಯಲ್ಲಿ ಪೈಥಾನ್ 2 ಕೋಡ್ ಓದುವುದನ್ನು ನಿಲ್ಲಿಸಿತು. 2ರ ಕೋಡನ್ನು 3ಕ್ಕೆ ದಾಟಿಸಲು ಪೈಥಾನ್ ಜೊತೆಗೇ ಬರುತ್ತಿದ್ದ ಲಿಬ್ 2 ಟು 3 ಕೂಡ 3.13ರಲ್ಲಿ ಹೋಯಿತು, 3.9ರಲ್ಲಿ ಬಂದ ಹೊಸ ಪೆಗ್ ಪಾರ್ಸರ್ (ಪೈಥಾನ್‌ನಲ್ಲಿ ಕೋಡ್ ಓದುವ ಭಾಗ) ಜೊತೆ ಅದರ ಹಳೆಯ ಪಾರ್ಸರ್‌ಗೆ ಹೆಜ್ಜೆ ಹಾಕಲು ಆಗಲಿಲ್ಲ. ನಾನು ಮಾತ್ರ ಆ ಆಗಸ್ಟ್‌ನಲ್ಲಿ ಗ್ರಾಮರ್ ಫೈಲನ್ನು ಹಳೆಯ ಪ್ರತಿಗಳನ್ನು ಉಳಿಸಿಡುವ ಗಿಟ್‌ನಿಂದ ವಾಪಸ್ ತಂದೆ. ಅದು ಸತ್ತ ಭಾಷೆ, ಬದಲಾಗುವುದಿಲ್ಲ. ಇವತ್ತಿನವರೆಗೆ ಅದರಲ್ಲಿ ಒಂದು ಸಾಲೂ ತಿದ್ದಬೇಕಾಗಿ ಬಂದಿಲ್ಲ.

ಹಾಗಾದರೆ ಹೀಗೆ ಮಾಡಿ. ಪೈಥಾನ್-ರಿಕ್ವೈರ್ಸ್ ಸಾಲಿಗೆ 3.9 ಅಥವಾ ಮೇಲೆ ಅಂತ ಬರೆಯಿರಿ, ಕೋಡ್ ಅಳಿಸಲು ಕೈ ಹಾಕುವ ಮೊದಲೇ ಬರೆಯಿರಿ. ಮೇಲಿನ ಮಿತಿ ಹಾಕಬೇಡಿ. 3.15 ಬಂದ ದಿನ ಪಿಪ್ ನಿಮ್ಮ ಹೊಸ ರಿಲೀಸನ್ನು ದಾಟಿ ಮಿತಿಯಿಲ್ಲದ ಯಾವುದೋ ಹಳೆಯದನ್ನು ಹೆಕ್ಕುತ್ತದೆ, ಅದೇ ಗುಂಡಿ ಇನ್ನೊಂದು ಕಡೆಯಿಂದ. ರೀಡ್‌ಮಿ ಫೈಲಿನಲ್ಲಿ ಓಡುವ ವರ್ಷನ್ ಒಂದು ಸಾಲು, ಓದುವ ವರ್ಷನ್ ಇನ್ನೊಂದು ಸಾಲು ಇರಲಿ. ಆಮೇಲೆ ಪ್ರಯೋಗಕ್ಕೆಂದೇ ಇರುವ ಟೆಸ್ಟ್ ಪೈಪಿಐಗೆ ಹಳೆಯ ರಿಲೀಸ್ ಒಂದು, ಹೊಸದು ಒಂದು ಹಾಕಿ. 3.8 ಇರುವ ಖಾಲಿ ಎನ್ವಿರಾನ್‌ಮೆಂಟ್‌ನಲ್ಲಿ ವರ್ಷನ್ ಹೇಳದೆ ಇನ್‌ಸ್ಟಾಲ್ ಮಾಡಿ ನೋಡಿ. ಹಳೆಯದು ಇಳಿದರೆ ಅವತ್ತೇ ರಿಲೀಸ್ ಮಾಡಿ. ಹೊಸದು ಇಳಿದರೆ ಏನೇ ಅವಸರ ಇದ್ದರೂ ಮಾಡಬೇಡಿ.