ತಾರಸಿಯ ಮೇಲೆ ನಲವತ್ತೈದು ಮೂಟೆ

ಹನುಮಂತನಗರದ 30x40 ನಿವೇಶನದ ಹಳೆಯ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಟ್ಟುವುದು, ಕೆಡವುವುದು, ನೆಡುವುದು, ಕೀಳುವುದು ಎಂದು ಏನಾದರೊಂದು ಹಚ್ಚಿಕೊಂಡಿರುವ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಈ ಸಲದ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ತಾರಸಿಯ ಪ್ಯಾರಾಪೆಟ್ ಗೋಡೆಗೆ ಸೇರಿಸಿ ಇಟ್ಟಿಗೆಯ ತೊಟ್ಟಿ ಕಟ್ಟಿಸಿ, ಮಣ್ಣು ತುಂಬಿ ತರಕಾರಿ ಬೆಳೆಯಬೇಕೆಂದಿದ್ದೇನೆ. ಮೇಸ್ತ್ರಿ ಒಪ್ಪಿದ್ದಾರೆ, ನಮ್ಮ ಮನೆಯವರು ಬೇಡವೆನ್ನುತ್ತಿದ್ದಾರೆ. ನೀವೇನು ಹೇಳುತ್ತೀರಿ, ಮೇಡಂ?
– ಗೃಹಿಣಿ, ವಿಜಯನಗರ

ಉತ್ತರ: ನಾನು ನಿಮ್ಮ ಮನೆಯವರ ಪಕ್ಷ. ನಮ್ಮಲ್ಲೂ ಮೇಸ್ತ್ರಿ ಒಪ್ಪಿದ್ದರು. ಮೇಸ್ತ್ರಿಗಳು ಒಪ್ಪದ ಕೆಲಸವನ್ನು ನಾನು ಇನ್ನೂ ಕಂಡಿಲ್ಲ.

ನನ್ನ ತೊಟ್ಟಿ ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮೂವತ್ತೊಂದು ವರ್ಷ ಮಕ್ಕಳಿಗೆ ಘನಫಲ ಕಲಿಸಿದವಳು ನಾನು. ‘ಒಂದು ತೊಟ್ಟಿಯ ಉದ್ದ, ಅಗಲ, ಎತ್ತರ ಕೊಟ್ಟಿದೆ’ ಎಂದು ಬೋರ್ಡಿನ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೇನೋ! ನನ್ನದೇ ತೊಟ್ಟಿಗೆ ಆ ಲೆಕ್ಕ ಹಾಕಲು ಮಾತ್ರ ಎರಡು ಮಳೆಗಾಲ ಕಳೆಯಬೇಕಾಯಿತು. ಕೆಳಗಿನ ಕೋಣೆಯ ಸೂರಿನಲ್ಲಿ ಕಾಫಿ ಚೆಲ್ಲಿದಂಥ ಕಲೆ ಕಾಣಬೇಕಾಯಿತು. ಹತ್ತು ಮೂರಲಿ ಮೂವತ್ತು, ಅದಕ್ಕೆ ಒಂದೂವರೆ, ಅಂದರೆ 45 ಘನ ಅಡಿ. ಚೆನ್ನಾಗಿ ನೆನೆದ ಮಣ್ಣು ಘನ ಅಡಿಗೆ ಸುಮಾರು 50 ಕಿಲೊ ತೂಗುತ್ತದೆ. ಒಂದು ಮೂಟೆ ಸಿಮೆಂಟಿನ ತೂಕವೂ ಅಷ್ಟೇ. ನಿಮ್ಮ ತಾರಸಿಯ ಮೂಲೆಯಲ್ಲಿ 45 ಮೂಟೆ ಸಿಮೆಂಟ್ ಪೇರಿಸಿಡುತ್ತೇನೆಂದು ಯಾರಾದರೂ ಬಂದರೆ ಗೇಟಿನಿಂದಲೇ ಕಳುಹಿಸುತ್ತಿದ್ದೆ. ನಾನೇ ಕೂಲಿ ಕೊಟ್ಟು ಅದನ್ನು ಮೇಲಕ್ಕೆ ಹೊರಿಸಿದೆ. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ 150 ಕಿಲೊ. ನನ್ನದು 800 ದಾಟಿತ್ತು, ಇಟ್ಟಿಗೆಯ ತೂಕ ಬಿಟ್ಟು.

ಆದರೆ ನಮ್ಮನ್ನು ಕೆಡಿಸಿದ್ದು ಭಾರವಲ್ಲ, ನೀರು. ತಾರಸಿಗೆ ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳಿಜಾರು ಕೊಟ್ಟಿರುತ್ತಾರೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ತೊಟ್ಟಿ ಸರಿಯಾಗಿ ಆ ದಾರಿಗೆ ಅಡ್ಡ ಕೂತಿತ್ತು. ಒಡೆಸಿದ ದಿನ ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಿಂಬೆ ಗಿಡದ ಪೆನ್ಸಿಲ್ ದಪ್ಪದ ಬೇರೊಂದು ಗೋಡೆಯೂ ತಾರಸಿಯೂ ಕೂಡುವ ಮೂಲೆಯ ಗಾರೆಯನ್ನು ಸೀಳಿಕೊಂಡು ಒಳಗೆ ಇಳಿದಿತ್ತು. ಎಳೆದರೆ ಅಂಗೈ ಅಗಲದ ಗಾರೆಯ ಹೆಕ್ಕಳವೇ ಕಿತ್ತು ಬಂತು. ಅದರ ಹಿಂದಿನ ಇಟ್ಟಿಗೆಯನ್ನು ಉಗುರಿನಿಂದ ಕೆರೆದೆ. ಕುಂಕುಮದಂತೆ ಪುಡಿ ಉದುರಿತು. ಆ ತೊಟ್ಟಿಯಿಂದ ಸಿಕ್ಕ ನಿಂಬೆಹಣ್ಣು ಏಳು. ರಿಪೇರಿ ಖರ್ಚನ್ನು ಏಳರಿಂದ ಭಾಗಿಸುವ ಕೆಲಸವನ್ನು ನಮ್ಮ ಯಜಮಾನರು ಇಂದಿಗೂ ನೆಂಟರ ಮುಂದೆ ಮಾಡುತ್ತಾರೆ.

ನೀವು ಬೆಳೆಯಲೇಬೇಕೆಂದರೆ ಹಗುರವಾದ ಚೀಲ ಅಥವಾ ಕುಂಡ ಸಾಕು. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಹೆಚ್ಚು, ಕೆಮ್ಮಣ್ಣು ಕಡಿಮೆ. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿಕೊಳ್ಳಿ, ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಕುಂಡಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ, ಅಡಿಯಲ್ಲಿ ಪೊರಕೆ ಆಡಬೇಕು. ಎಲ್ಲಕ್ಕೂ ಮುಂಚೆ ಒಂದು ಕೆಲಸ: ನೀರು ಇಳಿಯುವ ಕಿಂಡಿಗೆ ಬಟ್ಟೆ ತುರುಕಿ, ಎರಡು ಇಂಚು ನೀರನ್ನು ಮೂರು ದಿನ ನಿಲ್ಲಿಸಿ, ಕೆಳಗೆ ಹೋಗಿ ಸೂರು ನೋಡಿ. ಅಲ್ಲಿ ಕಲೆ ಕಂಡರೆ ತರಕಾರಿಯ ಮಾತು ಆಮೇಲೆ.

ಪ್ರಶ್ನೆ: ಹೊಸ ಮನೆಗೆ ಮಳೆನೀರು ಸಂಗ್ರಹ ಕಡ್ಡಾಯವಂತೆ. ತಾರಸಿಯ ಕೊಳವೆಯನ್ನು ನೇರವಾಗಿ ಸಂಪಿಗೆ ಬಿಟ್ಟರೆ ಸಾಲದೇ?
– ಓದುಗರೊಬ್ಬರು, ನಾಗರಬಾವಿ

ಉತ್ತರ: ಸಂಪಿಗೆ ಎಂದರೆ ಹೂವಿನ ಸಂಪಿಗೆಗೆ ಎಂದುಕೊಂಡಿದ್ದರೆ ಧಾರಾಳವಾಗಿ ಬಿಡಿ. ನೀರಿನ ಸಂಪಿಗಾದರೆ ಸ್ವಲ್ಪ ತಾಳಿ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಹೊಸ ಮನೆಗಳಿಗೆ 1200 ಚದರಡಿಯ ನಿವೇಶನದಿಂದ, ಹಳೆಯವಕ್ಕೆ 2400ರಿಂದ ಇದು ಕಡ್ಡಾಯವಾಯಿತು. ನಮ್ಮದು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಆದರೂ ಮಾಡಿಸಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ತಾರಸಿ ಎಂದರೆ 93 ಚದರ ಮೀಟರ್. 20 ಮಿಲಿಮೀಟರ್ ಸುರಿದ ಒಂದು ಸಂಜೆಗೆ 1,800 ಲೀಟರಿಗೂ ಮೇಲೆ. ನೂರು ಕಿಲೊಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತರುವ ಊರಿನಲ್ಲಿ ಇದನ್ನು ಮೋರಿಗೆ ಬಿಡಲು ನನಗೆ ಹೊಟ್ಟೆ ಉರಿಯಿತು.

ಹೊಟ್ಟೆಯುರಿಯಲ್ಲಿ ಒಂದು ವಿಷಯ ಮರೆತೆ. ಕುಂಡಗಳಿದ್ದದ್ದೂ ಅದೇ ತಾರಸಿಯಲ್ಲಿ. ಹಿಂದಿನ ದಿನವಷ್ಟೇ ಗಿಡಗಳಿಗೆ ಸಗಣಿ ನೀರು, ಬೇವಿನ ಹಿಂಡಿ ಹಾಕಿದ್ದೆ. ಸೆಪ್ಟೆಂಬರಿನ ಮಳೆ ರಾತ್ರಿ ಎಲ್ಲವನ್ನೂ ತೊಳೆದು ಸಂಪಿಗೆ ಸೇರಿಸಿತು, ಬೆಳಿಗ್ಗೆ ಮೋಟಾರ್ ಅದನ್ನು ಮೇಲಿನ ಟ್ಯಾಂಕಿಗೆ ಏರಿಸಿತು. ಯಜಮಾನರು ಮೈಗೆಲ್ಲ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದಾಗ ಬಚ್ಚಲಿನ ತುಂಬ ಕೊಟ್ಟಿಗೆಯ ವಾಸನೆ. ಅವರು ಆಗ ಆಡಿದ ಮಾತುಗಳು ಪತ್ರಿಕೆಗೆ ಬೇಡ.

ಆದ್ದರಿಂದ ಗಿಡಗಳಿರುವ ಕಡೆಯ ನೀರಿಗೆ ಬೇರೆ ಕೊಳವೆ ಹಾಕಿಸಿ, ಅದನ್ನು ಅಂಗಳದ ಮಣ್ಣಿಗೆ ಬಿಡಿ. ಸಂಪಿಗೆ ಹೋಗುವ ಕೊಳವೆಯಲ್ಲಿ ಮೊದಲ ಮಳೆಯನ್ನು ಹೊರಗೆ ಹರಿಸುವ ವಾಲ್ವ್, ಆಮೇಲೆ ಜಲ್ಲಿ ಮರಳಿನ ಸೋಸುವ ಡ್ರಮ್ ಇರಲಿ. ವಾಲ್ವ್ ಕೈಗೆಟುಕುವ ಎತ್ತರದಲ್ಲಿರಬೇಕು. ನಮ್ಮ ಪ್ಲಂಬರ್ ಅದನ್ನು ಸಜ್ಜಾದ ಮೇಲೆ ಕೂರಿಸಿ ಹೋದರು, ಗುಡುಗು ಕೇಳಿದರೆ ನಾನು ಏಣಿ ಹುಡುಕುತ್ತೇನೆ.

ಪ್ರಶ್ನೆ: ದೀಪಾವಳಿಗೆಂದು ಬಣ್ಣ ಹೊಡೆಸಿದ ಹೊರಗೋಡೆ ಯುಗಾದಿಗೆ ಮುಂಚೆಯೇ ಹಪ್ಪಳದಂತೆ ಉಬ್ಬಿದೆ. ಬಣ್ಣ ಕಳಪೆಯೇ?
– ನಿವೃತ್ತ ನೌಕರರು, ಮತ್ತಿಕೆರೆ

ಉತ್ತರ: ಬಣ್ಣಕ್ಕಿಂತ ಪಂಚಾಂಗದ ಮೇಲೆ ನನಗೆ ಅನುಮಾನ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೆನೆದ ಗೋಡೆಗೆ ಹಬ್ಬದ ಅವಸರದಲ್ಲಿ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಹುಡುಕುತ್ತದೆ. ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಉಬ್ಬಿದ ಕಡೆ ಕೆರೆದು ನೋಡಿ, ಬಿಳಿ ಪುಡಿ ಇದ್ದರೆ ಇದೇ ಕಾರಣ. ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ ಮುಚ್ಚಿಸಿ, ಗೋಡೆಯನ್ನು ಬಿಸಿಲಿಗೆ ಬಿಟ್ಟು, ಫೆಬ್ರುವರಿ–ಮಾರ್ಚ್‌ನಲ್ಲಿ ಹೊಡೆಸಿ. ನಾನು ಎರಡು ದೀಪಾವಳಿ ಕೈ ಸುಟ್ಟುಕೊಂಡೆ, ಪಟಾಕಿಯಿಂದಲ್ಲ.

ಪ್ರಶ್ನೆ: ದಾಸವಾಳಕ್ಕೆ ಬಿಳಿ ಹತ್ತಿಯಂಥ ಹುಳು. ಸೋಪಿನ ನೀರು ಹಾಕಿದರೆ ಎಲೆಯೇ ಸುಟ್ಟಿತು.
– ವಿದ್ಯಾರ್ಥಿನಿ, ಯಲಹಂಕ

ಉತ್ತರ: ಬಟ್ಟೆ ಒಗೆಯುವ ಪುಡಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹಾಕಿದಿರಿ ತಾನೇ? ನಾನೂ ಹಾಗೆಯೇ ಮಾಡಿದ್ದೆ. ಅದು ಹಿಟ್ಟು ತಿಗಣೆ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಕೆಲವೇ ಹನಿ ದ್ರವ ಸೋಪು, ಸಂಜೆಯ ಹೊತ್ತು, ಎಲೆಯ ಅಡಿಭಾಗಕ್ಕೆ. ವಾರಕ್ಕೊಮ್ಮೆ ಮೂರು ನಾಲ್ಕು ಸಲ. ಇರುವೆಗಳ ಸಾಲು ಇದ್ದರೆ ಅದನ್ನೂ ತಡೆಯಿರಿ: ತಿಗಣೆ ಒಸರುವ ಸಿಹಿಗಾಗಿ ಅವು ಅದನ್ನು ಕಾವಲು ಕಾಯುತ್ತವೆ.

ಪ್ರಶ್ನೆ: ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೊಂಡ ಪೆಟೂನಿಯಾ ಪ್ರತಿ ವರ್ಷವೂ ಏಪ್ರಿಲ್‌ಗೆ ಸಾಯುತ್ತದೆ. ನನ್ನ ಕೈಗುಣ ಸರಿಯಿಲ್ಲವೇ?
– ಗೃಹಿಣಿ, ಬನಶಂಕರಿ

ಉತ್ತರ: ಕೈಗುಣ ಚೆನ್ನಾಗಿಯೇ ಇದೆ. ಅದು ನಮ್ಮಲ್ಲಿ ಚಳಿಗಾಲಕ್ಕೆಂದು ಬೆಳೆಸುವ ಗಿಡ, ಬಿಸಿಲೇರಿದರೆ ಅದರ ಕಾಲ ಮುಗಿಯಿತು. ನಾನು ನಾಲ್ಕು ವರ್ಷ ಗೊಬ್ಬರ ಬದಲಾಯಿಸಿದೆ, ಜಾಗ ಬದಲಾಯಿಸಿದೆ, ಕೆಲಸದವಳನ್ನು ಬೈದೆ. ಸ್ವಾತಂತ್ರ್ಯ ದಿನದ ಪ್ರದರ್ಶನಕ್ಕೆ ಹೋಗಿ ಒಂದು ಸೂಜಿಮಲ್ಲಿಗೆ ತನ್ನಿ, ಮಳೆಗಾಲವಾದ್ದರಿಂದ ಬೇಗ ಬೇರೂರುತ್ತದೆ. ಆ ಕೆಲಸದವಳ ಮನೆಯ ಮುಂದೆ ಈಗ ನಾನೇ ಕೊಟ್ಟ ಮಲ್ಲಿಗೆಯ ಬಳ್ಳಿ ಶೀಟಿನವರೆಗೂ ಹಬ್ಬಿದೆ.